ತೊಗಲು ನಮ್ಮದು, ಬ್ಲಾಡರ್ ಅವರದು

ಹೊಟ್ಟಿಕಿಚ್ಚು ಇದ್ದಾಂವನ ಬದುಕಿನಾಗ ನಗೆಪಾಟಲು ತಪ್ಪೂದಿಲ್ಲ. ಒಂದು ಮುಗೀತು ಅನ್ನೂದರಾಗ ಇನ್ನೊಂದು ಬಾಗಲಾಗ ನಿಂತಿರ್ತದ. ನನಗ ಹೊಟ್ಟಿಕಿಚ್ಚು ಹತ್ತಿದ್ದು ಮಂದಿ ಹೊಲಕ್ಕಲ್ಲ, ಬಂಗಾರಕ್ಕಲ್ಲ. ಒಂದು ಫುಟ್‌ಬಾಲಿಗೆ.

ನಾ ಆಳಂದ ಬಜಾರದಾಗಿನ ಶಿಂಪಿಗ. ಜಲ್ಮದಾಗ ಒಮ್ಮೆ ಸೈತ ಚೆಂಡು ಒದ್ದಾಂವಲ್ಲ. ಆದರ ನಮ್ಮೂರ ಕ್ಲಬ್ಬಿನವರ ಚಡ್ಡಿ ಹೊಲ್ಯಾಂವ ನಾನ, ಮ್ಯಾಚ್ ಇನ್ನೂ ನಾಕು ದಿನ ಅದ ಅನ್ನೂವಾಗ ಊಟ ಬಿಡಾಂವ ನಾನ, ಸೋತ ಮ್ಯಾಲ ಆಟಗಾರರಕಿಂತ ಜೋರ ಅಳಾಂವನೂ ನಾನ. ಆ ವರ್ಷ ಅಳೂ ಕೆಲಸನ ಭಾಳ ಇತ್ತು.

೧. ಎರಡೂರಿಗೆ ಒಂದ ಚೆಂಡು

ನಲವತ್ತೇಳನೇ ಇಸ್ವಿ ಮಳಿಗಾಲ ಮುಗಿಯೂದಕ್ಕ ನಮ್ಮ ಚೆಂಡಿನ ಒಳಗಿನ ರಬ್ಬರ್ ಬ್ಲಾಡರ್ ಹರೀತು. ಬ್ಯಾರೆ ವರ್ಷ ಆಗಿದ್ರ ಸೊಲ್ಲಾಪುರಕ್ಕ ಹೋಗಿ ಹೊಸಾದು ತರ್ತಿದ್ವಿ. ಆದರ ಆವಾಗ ಸೊಲ್ಲಾಪುರ ಒಂದು ದೇಶ, ನಾವು ನಿಜಾಮರ ಕಡಿಯವರು ಇನ್ನೊಂದು ದೇಶ ಆಗಿ ಕುಂತಿದ್ವಿ. ಗಡಿ ನಾಕಾದಾಗ ಉಪ್ಪು, ಚಿಮಣಿ ಎಣ್ಣಿನ ದಾಟವಲ್ಲವು, ಬ್ಲಾಡರ್ ಎಲ್ಲಿ ದಾಟಬೇಕು? ಊರ ಮಂದಿ ಕದಾ ಮುಚ್ಚಿ ಮೆಲ್ಲಗ ಮಾತಾಡೂ ಕಾಲ ಅದು. ಅವರಿಗೆ ರಾಜ್ಯದ ಚಿಂತಿ, ನಮಗ ಬ್ಲಾಡರಿನ ಚಿಂತಿ.

ಹಿಂಗಿರೂವಾಗ ಅಫಜಲಪುರ ಕ್ಲಬ್ಬಿನ ಸುದ್ದಿ ಬಂತು. ಅವರ ಬ್ಲಾಡರ್ ಗಟ್ಟಿ ಅದ, ಆದರ ಮ್ಯಾಲಿನ ತೊಗಲು ಇಲಿ ತಿಂದಾವ. ನಮ್ಮ ಕಪ್ತಾನ ಟಪಾಲು ಹಂಚಾಂವ, ಸೈಕಲ್ ಇದ್ದಾಂವ, ಎರಡು ದಿನ ತುಳಕೊಂಡು ಹೋಗಿ ಮಾತಾಡಿ ಬಂದ. ನಮ್ಮ ತೊಗಲಿನಾಗ ಅವರ ಬ್ಲಾಡರ್ ಹಾಕಿ ಮೋಚಿ ಕಡಿಂದ ಹೊಲಿಸಿದ್ವಿ. ಚೆಂಡೇನೋ ಆತು. ಯಾರ ಮನ್ಯಾಗ ಇರಬೇಕು?

ಪಂಚಾಯತಿಗೆ ಜೇವರ್ಗಿ ಸಾಲಿಯ ಡ್ರಿಲ್ ಮಾಸ್ತರ ಬಂದ್ರು. ಮ್ಯಾಚಿಗೆ ಸೀಟಿ ಊದೂವರೂ ಅವರ. ಎರಡೂ ಕಡಿಯವರ ಮಾತು ಕೇಳಿ, ಮೀಸಿ ತಿಕ್ಕಿ, ತೀರ್ಪು ಕೊಟ್ರು: "ತಿಂಗಳಿಗೊಂದು ಮ್ಯಾಚ್. ಗೆದ್ದವರು ಮುಂದಿನ ಮ್ಯಾಚಿನ ತನಕ ಚೆಂಡು ಇಟ್ಟುಕೋಬೇಕು."

"ಸೋತವರು ಏನ್ ಮಾಡಬೇಕ್ರಿ ಉಸ್ತಾದ್?" ಅಂತ ನಮ್ಮ ಕಪ್ತಾನ ಕೇಳಿದ.

"ಸೋತವರು ಬಂದು ನೋಡಿ ಹೋಗಬಹುದು" ಅಂದ್ರು ಮಾಸ್ತರ.

೨. ಬಿದ್ದದ್ದು ಏಳ್ತದ

ಮೊದಲನೇ ಮ್ಯಾಚ್ ಸೋತ್ವಿ. ಚೆಂಡು ಅಫಜಲಪುರಕ್ಕ ಹೋತು. ಅವರು ದಿನಾ ಸಂಜಿಗೆ ಆಡಾಕತ್ತಾರಂತ ಸುದ್ದಿ ಬರೂದು, ನನ್ನ ಹೊಟ್ಟ್ಯಾಗ ಮೆಣಸಿನಕಾಯಿ ಅರದಂಗ ಆಗೂದು. ನಮ್ಮವರು ಬರೀ ಕೈ ಕಟಕೊಂಡು ಕುಂತಿದ್ರು. ನೋಡಲಾರದ ನಾನ ಅಂಗಡ್ಯಾಗಿನ ಚಿಂದಿ ಎಲ್ಲಾ ಕೂಡಿಸಿ, ನಡುವ ಹತ್ತಿಕಾಳು ತುಂಬಿ, ಒಂದು ಚೆಂಡು ಹೊಲದು ಕೊಟ್ಟೆ. ಗುಂಡಗ ಭಾಳ ಚೆಂದ ಇತ್ತು, ಖರೆ. ಆದರ ಒದ್ರ ಕಾಲು ಉಳಕೂದು, ನೆಲಕ್ಕ ಬಿದ್ರ ಬಿದ್ದಲ್ಲೇ ಬೀಳೂದು.

ಅದರಾಗನ ಒಂದು ತಿಂಗಳು ಆಡಿ ನಮ್ಮವರು ಎರಡನೇ ಮ್ಯಾಚಿಗೆ ಇಳದ್ರು. ಅಫಜಲಪುರದವ ಒಬ್ಬ ದೂರಿಂದ ಸುಮ್ಮನ ಒಂದು ಒದ್ದ. ಚೆಂಡು ನಮ್ಮ ಗೋಲ್‌ಕೀಪರನ ಮುಂದ ಬಿತ್ತು. ಗೋಲ್‌ಕೀಪರ ಭಜಿ ಅಂಗಡಿಯಾಂವ, ದೊಡ್ಡ ಆಳು. ಬಿದ್ದ ಚೆಂಡು ಎತ್ತಕೋಬೇಕಂತ ಆರಾಮಾಗಿ ಬಗ್ಗಿದ. ಚೆಂಡು ಪುಟದು ಅವನ ತಲಿ ಮ್ಯಾಲ ಹಾರಿ ಗೋಲಿನಾಗ ಹೋತು. ಅವ ಬಗ್ಗಿದಾಂವ ಬಗ್ಗಿದಂಗ ಇದ್ದ.

ಆಮ್ಯಾಲ ನಾ ಅಳಕೋತ ಕೇಳಿದ್ನಿ, "ಲೇ, ಯಾಕ ಹಿಡಿಲಿಲ್ಲಲೇ?"

"ಕಾಕಾ, ನಿಮ್ಮ ಚೆಂಡು ಒಂದು ತಿಂಗಳಾತು ಎದ್ದಿಲ್ಲ. ಇದು ಬಿದ್ದ ಮ್ಯಾಲ ಏಳ್ತದಂತ ನನಗೇನ್ ಕನಸು ಬಿದ್ದಿತ್ತಾ?"

ಮೂರನೇದೂ ಸೋತ್ವಿ. ಆವತ್ತು ಕಪ್ತಾನ ನನ್ನ ಅಂಗಡಿ ಕಟ್ಟಿ ಮ್ಯಾಲ ಕುಂತು ಅಂದ, "ಚೆಂಡಿಲ್ಲದ ಗೆಲ್ಲಾಕ ಬರಂಗಿಲ್ಲ, ಗೆಲ್ಲಲಾರದ ಚೆಂಡು ಬರಂಗಿಲ್ಲ. ಇನ್ನೊಮ್ಮೆ ಸೋತ್ರ ಕ್ಲಬ್ ಮುಚ್ಚೂಣು ಕಾಕಾ. ಹುಡುಗರು ಬೇಸತ್ತಾರ." ಆ ರಾತ್ರಿ ಮತ್ತ ನಾ ಊಟ ಬಿಟ್ಟೆ.

೩. ದತ್ತನ ದರ್ಶನ

"ಗಾಣಗಾಪುರಕ್ಕ ಹೋಗಿ ಬರೂಣು" ಅಂದ್ನಿ ಹೆಣ್ತಿಗೆ.

ಆಕಿ ರೊಟ್ಟಿ ಬಡಿಯೂದು ಬಿಟ್ಟು ನನ್ನ ಮಾರಿ ನೋಡಿದ್ಲು. "ನಿಮಗ ಭಕ್ತಿ ಯಾವಾಗಿಂದ ಬಂತ್ರಿ?"

ಭಕ್ತಿ ಬಂದಿರಲಿಲ್ಲ. ಗಾಣಗಾಪುರ ದಾಟಿದ್ರ ಅಫಜಲಪುರ, ಆಕಿ ತವರಮನಿ. ಆಕಿ ತಮ್ಮ ಅವರ ಕ್ಲಬ್ಬಿನ ಗೋಲ್‌ಕೀಪರ. ಚೆಂಡು ಇರೂದು ಅವನ ಮನ್ಯಾಗ. ದೇವರಿಗೆ ಲಗುಲಗು ಕೈ ಮುಗದು ಮಧ್ಯಾಹ್ನಕ್ಕ ಅತ್ತಿ ಮನಿ ಬಾಗಲಾಗ ನಿಂತೆ.

ಒಳಗ ಹೋಗಿ ನೋಡ್ತೇನಿ, ಪಡಸಾಲಿಯೊಳಗ ಗಾದಿ ಹಾಸ್ಯಾರ. ಅದರ ಮ್ಯಾಲ ಲೋಡು. ಲೋಡಿಗೆ ಆತಗೊಂಡು ನಮ್ಮ ಚೆಂಡು ಕುಂತದ! ಮ್ಯಾಲ ಶಾಲು ಬ್ಯಾರೆ ಹೊಚ್ಚ್ಯಾರ. ಗುರುತು ಹಿಡದ್ನಿ, ನನ್ನ ಮದವ್ಯಾಗ ನನಗ ಹೊಚ್ಚಿದ ಶಾಲು ಅದು. ಮದವಿ ಮುಗದ ಮ್ಯಾಲ "ನುಸಿ ಹಿಡೀತದ, ನಮ್ಮಲ್ಲೇ ಇರಲಿ" ಅಂತ ಅತ್ತಿ ತಗೊಂಡು ಇಟ್ಟಿದ್ರು.

"ಬರ್ರಿ ಬರ್ರಿ, ಕುಂಡ್ರಿ" ಅಂತ ಅತ್ತಿ ನನಗ ಚಾಪಿ ಹಾಸಿದ್ರು.

ಅಳಿಯಾಗ ಚಾಪಿ, ಚೆಂಡಿಗೆ ಗಾದಿ! ಹೊಟ್ಟಿ ಎಷ್ಟು ಉರೀತಂದ್ರ, ಕೊಟ್ಟ ಮಜ್ಜಿಗಿ ಎರಡು ತಂಬಿಗಿ ಕುಡದ್ರೂ ಆರಲಿಲ್ಲ. ಆ ತಮ್ಮ ಬಂದು, "ಹೆಂಗದ ಮಾಮಾ? ಚೆಂದ ಇಟ್ಟೇವಿಲ್ಲ?" ಅಂತ ಹಲ್ಲು ಕಿಸದ. ಏನಾರ ಒಂದು ಹುಳುಕು ತಗೀಲಿಲ್ಲಂದ್ರ ನಾ ಬದುಕೂದಿಲ್ಲ ಅನಸ್ತು.

"ಏನ್ ಚೆಂದ? ತೊಗಲು ನಮ್ಮದು, ಅದಕ್ಕ ನಿಮಗ ಅದರ ಮ್ಯಾಲ ಮಾಯಾ ಇಲ್ಲ. ಹೆಂಗ ಒಣಗೇದ ನೋಡು! ಒಂದು ಹನಿ ಹರಳೆಣ್ಣಿ ಕಂಡದೇನು ಇದು?"

ಅವನ ಮಾರಿ ಸಣ್ಣದಾತು. "ಎಷ್ಟು ಹಚ್ಚಬೇಕು ಮಾಮಾ?"

"ಅದು ಸಾಕು ಅನ್ನೂ ತನಕ ಹಚ್ಚು."

ಹೊಳ್ಳಿ ಬರೂವಾಗ ಆಳಂದ ಕಾಣ್ತಿದ್ದಂಗ ಹೆಣ್ತಿ ಅಂದ್ಲು, "ದೇವರ ಮುಂದ ಒಂದು ಗಳಿಗಿ ನಿಲ್ಲಲಿಲ್ಲ. ಚೆಂಡಿನ ಸುತ್ತ ಐದು ಸುತ್ತು ಹಾಕಿದ್ರಲ್ರಿ!"

೪. ಮಾಸ್ತರರ ಸಾಕ್ಷಿ

ನಾಕನೇ ಮ್ಯಾಚ್ ನಮ್ಮೂರಾಗ. ಡ್ರಿಲ್ ಮಾಸ್ತರ ಹಿಂದಿನ ದಿನಾನ ಜೇವರ್ಗಿಯಿಂದ ಬಂದು ನಮ್ಮ ಮನ್ಯಾಗ ಇಳದ್ರು. ಊಟಕ್ಕ ಕುಂತು ಸಹಜ ಮಾತಿಗೆ ಅಂದ್ರು, "ಅಫಜಲಪುರದಾಗ ಹೋದ ಸಲ ಶೇಂಗಾ ಹೋಳಿಗಿ ಮಾಡಿದ್ರು ನೋಡ್ರಿ. ಹತ್ತು ತಿಂದ್ನಿ."

ಹತ್ತಾ? ಅವರು ಹತ್ತು ತಿನಿಸ್ಯಾರಂದ್ರ ನಾವು ಒಂಬತ್ತಕ್ಕ ಬಿಡೂದು ಹೆಂಗ? "ಇನ್ನೊಂದು, ನನ್ನ ಆಣಿ" ಅಂತ ನಮ್ಮ ಮನಿ ಹೋಳಿಗಿ ಹದಿನಾಕರ ತನಕ ಮುಟ್ಟಿಸಿದ್ನಿ. ಮರುದಿನ ಮುಂಜಾನೆ ಮತ್ತ ಹುಗ್ಗಿ, ಮ್ಯಾಲ ತುಪ್ಪ.

ಮಧ್ಯಾಹ್ನ ಮಾಸ್ತರಗ ನಿಂದ್ರಾಕ ಬರವಲ್ಲದು. "ಒಂದು ಹೊರಸು ತರಸ್ರಿ" ಅಂದ್ರು. ಮೈದಾನದ ಒಂದು ಕಡಿ ಗೋಲಿನ ಹಿಂದ ಬೇವಿನ ಗಿಡ ಇತ್ತು. ಅದರ ನೆಳ್ಳಾಗ ಹೊರಸು ಹಾಕಿದ್ವಿ. ಮಲಕೊಂಡು, ಸೀಟಿ ಬಾಯಾಗ ಇಟಗೊಂಡು, ಮ್ಯಾಚ್ ಸುರು ಮಾಡಿದ್ರು.

ಚೆಂಡು ಮುಟ್ಟಿದವರಿಗೆಲ್ಲ ಏನೋ ಜಾರಾಕತ್ತಿತ್ತು. ಎರಡನೇ ಅರ್ಧದಾಗ ಗಿಡದ ಕಡಿ ಗೋಲು ಅಫಜಲಪುರದವರ ಪಾಲಿಗೆ ಬಂತು, ಅಲ್ಲಿ ನನ್ನ ಹೆಣ್ತಿ ತಮ್ಮ ನಿಂತ. ನಮ್ಮ ಕಪ್ತಾನ ಓಡಿ ಹೋಗಿ ಒಂದು ಒದ್ದ. ಒದ್ದದ್ದೇನು, ಕೂಸು ಒದ್ದಂಗ ಇತ್ತು. ನಾ ಕಣ್ಣು ಮುಚ್ಚಿದ್ನಿ. ಆ ತಮ್ಮ ಎರಡೂ ಕೈಲೆ ಚೆಂಡು ಹಿಡದ. ಹಿಡದ ಚೆಂಡು ಕೈಯಾಗಿಂದ ಪಚಕ್ಕನ ಜಾರಿ, ಎದಿಗೆ ತಾಗಿ, ಹೆಗಲು ಏರಿ, ಹಿಂದ ಹೋತು. ಪಾಪ, ಮುಂಜಾನಿಂದ ಕುಂತು ಒಂದು ಸೇರು ಹರಳೆಣ್ಣಿ ಕುಡಿಸಿದ್ದನಂತ ಅದಕ್ಕ.

ಸೀಟಿ ಊದ್ತು. "ಗೋಲು!"

ಅಫಜಲಪುರದವರು ಓಡಿ ಬಂದ್ರು. "ಮಾಸ್ತರ, ನೀವು ನಿದ್ದಿ ಹೊಡ್ಯಾಕತ್ತಿದ್ರಿ! ಗೋಲು ಹೆಂಗ ಕಂಡಿತ್ರಿ?"

"ನಿದ್ದಿ ಹತ್ತಿತ್ತು, ಸುಳ್ಳ್ಯಾಕ ಹೇಳ್ಲಿ" ಅಂದ್ರು ಮಾಸ್ತರ ಮಲಗಿದಲ್ಲಿಂದನ. "ಚೆಂಡು ಬಂದು ಹೊರಸಿನ ಕಾಲಿಗೆ ಬಡದು ಎಬ್ಬಿಸ್ತು. ಹೊರಸು ಗೋಲಿನ ಹಿಂದ ಅದ. ನಾ ಏನು ಹೊರಸು ಹೊತ್ತುಕೊಂಡು ಮುಂದ ಬಂದಿದ್ನಾ?"

೫. ನಮ್ಮ ಮನಿಗೆ ಬಂತು

ಗೆದ್ವಿ! "ಎಲ್ಲಾರಕಿಂತ ಹೆಚ್ಚು ಜೀವ ಇಟ್ಟಾವರು ನೀವು" ಅಂತ ಕಪ್ತಾನ ಚೆಂಡು ನನ್ನ ಕೈಯಾಗ ಕೊಟ್ಟ. ಎಣ್ಣಿ ಒರಸಿ, ಹೆಣ್ತಿ ರೇಶ್ಮಿ ಸೀರಿ ತಗದು ಹೊರಗ ಇಟ್ಟು, ಟ್ರಂಕಿನಾಗ ಚೆಂಡು ಇಟ್ಟು, ಕೀಲಿ ಉಡದಾರಕ್ಕ ಕಟಗೊಂಡೆ. ಗಾದಿ ಅಂತ ಗಾದಿ! ನಮ್ಮಲ್ಲಿ ರೇಶ್ಮಿ ಜಾಗಾ.

ಮರುದಿನ ಸಂಜಿಗೆ ಕಪ್ತಾನ ಬಂದ. "ಕಾಕಾ, ಚೆಂಡು ಕೊಡ್ರಿ, ಆಡ್ತೇವಿ."

"ಇವತ್ತು ಬಿಸಲು ಭಾಳ, ತೊಗಲು ಸೀಳ್ತದ."

ಮರುದಿನ, "ಮೈದಾನದಾಗ ಮುಳ್ಳದಾವ." ಅದರ ಮರುದಿನ, "ಅಮಾಸಿ." ಖರೆ ಹೇಳ್ತೇನಿ, ಆ ಹನ್ನೊಂದು ಮಂದಿ ಬೂಟುಗಾಲಿಲೆ ಅದನ್ನ ಒದೀತಾರಂತ ನೆನಸಿದ್ರ ನನ್ನ ಜೀವ ಕಳಕ್ ಅಂತಿತ್ತು. ಅಫಜಲಪುರದವರ ಮ್ಯಾಲ ಇದ್ದ ಹೊಟ್ಟಿಕಿಚ್ಚು ಈಗ ನಮ್ಮವರ ಮ್ಯಾಲನ ತಿರುಗಿತ್ತು.

ನಡುವ ಹೆಣ್ತಿ ತಮ್ಮ ಬಂದ. "ಮಾಮಾ, ಆಡಾಕ ಏನೂ ಇಲ್ಲ" ಅಂತ ಮಾರಿ ಇಳಿಸಿದ. ಗೆದ್ದ ಸೊಕ್ಕಿನಾಗ ದೊಡ್ಡ ಮನಸ್ಸು ಮಾಡಿ, "ತಗೋ, ಇದರಾಗ ಆಡ್ರಿ" ಅಂತ ಚಿಂದಿ ಚೆಂಡು ಅವನ ಕೈಯಾಗ ಇಟ್ಟೆ.

ವಾರದ ಮ್ಯಾಲ ಕಪ್ತಾನ ಮತ್ತ ಬಂದ. "ಆತ್ರಿ ಕಾಕಾ, ಅದು ಟ್ರಂಕಿನಾಗನ ಇರಲಿ. ಚಿಂದಿ ಚೆಂಡರ ಕೊಡ್ರಿ."

"ಅದನ್ನ ಅಫಜಲಪುರದವರಿಗೆ ಕೊಟ್ಟೇನಿ."

"ಮತ್ತ ನಾವು ಏನು ಒದೀಬೇಕು?" ಅಂತ ಕೇಳಿ ಅವ ನನ್ನ ಕಡಿ ಹೆಂಗ ನೋಡಿದನಂದ್ರ, ನಾ ಒಳಗ ಹೋಗಿ ಅಗಳಿ ಹಾಕ್ಕೊಂಡೆ.

ಐದನೇ ಮ್ಯಾಚ್ ಅಫಜಲಪುರದಾಗ. ಹತ್ತಿಕಾಳಿನ ಚೆಂಡು ತಿಂಗಳಿಡೀ ಒದ್ದು ಅವರ ಕಾಲು ಒನಕಿ ಆಗಿದ್ದವು. ನಮ್ಮವರು ತಿಂಗಳಿಡೀ ನನ್ನ ಬಾಗಲಾ ಕಾಯ್ದಿದ್ರು. ನಾಕು ಗೋಲು ತಿಂದ್ವಿ. ಸೀಟಿ ಊದಿದ ಮ್ಯಾಲ ನಾ ನೆಲಕ್ಕ ಕುಂತು ಅಳಾಕತ್ತೆ. ಚೆಂಡು ಹೋತು, ಕ್ಲಬ್ಬೂ ಮುಚ್ಚಿತು ಅಂತ.

ಹೆಣ್ತಿ ತಮ್ಮ ಚೆಂಡು ಹೊಳ್ಳಾಡಿಸಿ ನೋಡಿ ಬಂದು ನನ್ನ ಕಾಲು ಮುಟ್ಟಿದ. "ಮಾಮಾ, ಒಂದು ಗೀರಿಲ್ಲ ನೋಡ್ರಿ! ಬಾಣಂತಿ ತವರಾಗ ಕುಂತು ಉಂಡು ಮೈ ತುಂಬಿಕೊಂಡು ಬಂದಂಗ ಆಗ್ಯಾದ. ಆಗಾಗ ಒಂದೊಂದು ತಿಂಗಳು ನೀವ ಗೆಲ್ರಿ."

ಅದು ಕಪ್ತಾನನ ಕಿವಿಗೆ ಬಿತ್ತು. ಅವನ ಕಣ್ಣು ಕೆಂಪಗಾದವು. "ಕ್ಲಬ್ ಮುಚ್ಚಂಗಿಲ್ಲ ಕಾಕಾ! ಕಸಮ್ ಸೇ, ಮುಂದಿನ ಸಲ ಗೆದ್ದ ಗೆಲ್ತೇವಿ" ಅಂದ. ನಾ ಕಣ್ಣು ಒರಸಿಕೊಂಡು, ಖುಷೀಲೆ ಉಡದಾರದಾಗಿನ ಟ್ರಂಕಿನ ಕೀಲಿ ಮುಟ್ಟಿ ನೋಡಿಕೊಂಡೆ.

ಅವ ಅದನ್ನ ನೋಡಿದ. "ಆದರ ಚೆಂಡು ನನ್ನ ಮನ್ಯಾಗ" ಅಂದ. "ನೀವು ಬಂದು ನೋಡಿ ಹೋಗಬಹುದು."