ತಾನೇ ಐಸ್ ಮಾಡುವ ಫ್ರಿಜ್ಜು

೧. ಬಂದ ದಿನ

ಸೋಮವಾರ ಫ್ರಿಜ್ಜು ಬಂತು. ಹಳೆಯದು ಚೆನ್ನಾಗಿಯೇ ಇತ್ತು. ಆದರೆ ಅದಕ್ಕೆ ತಾನಾಗಿ ಐಸ್ ಬೀಳಿಸಲು ಬರುತ್ತಿರಲಿಲ್ಲವಂತೆ. ಇದಕ್ಕೆ ಬರುತ್ತದೆ. ಒಳಗಿನ ಪುಟ್ಟ ಟ್ಯಾಂಕಿಗೆ ನೀರು ಹೊಯ್ದರೆ ಸಾಕು, ಐಸ್ ತುಂಡುಗಳು ಕೆಳಗಿನ ಡಬ್ಬಿಗೆ ಬೀಳುತ್ತವೆ. ಅಂಗಡಿಯಲ್ಲಿ ಅದನ್ನು ನೋಡಿ ನಿಂತ ನನ್ನ ಹೆಂಡತಿ ಮತ್ತೆ ಕದಲಲಿಲ್ಲ.

ಹೊತ್ತು ತಂದವರು ವಾಪಸ್ ಹೊರಡುವ ಮೊದಲೇ ಪೂಜೆ. ಫ್ರಿಜ್ಜಿನ ಬಾಗಿಲಿಗೆ ವಿಭೂತಿ, ಕುಂಕುಮ. ಹಿಡಿಕೆಗೆ, ತರಕಾರಿ ಡಬ್ಬಿಗೆ, ಫ್ರೀಜರಿನ ಒಳಗೆ ಸಿಕ್ಕ ಸಿಕ್ಕಲ್ಲಿಗೆ.

"ಒಂದು ಕಡೆ ಬಿಟ್ರೂ ಸಿಟ್ಟಾಗ್ತೈತೆ," ಅಂದಳು.

ಯಾರಿಗೆ ಎಂದು ನಾನು ಕೇಳಲಿಲ್ಲ.

ಆರತಿ ಆರುವ ಮೊದಲೇ ಮೊಳಕಾಲ್ಮುರಿಗೆ ಫೋನ್ ಹೋಯಿತು. ಅಲ್ಲಿರುವುದು ನಮ್ಮ ಬೀಗಿತ್ತಿ, ಮಗಳ ಅತ್ತೆ.

"ನಮ್ಮ ಫ್ರಿಜ್ಜು ತಾನೇ ಐಸ್ ಮಾಡ್ತೈತ್ರಿ. ಭಾನುವಾರ ಬರ್ರಿ, ಶರಬತ್ತು ಕುಡಿಯೋಕೆ."

"ಚೂಸ್ತಾಂ ವದಿನಾ," ಅಂದರು ಬೀಗಿತ್ತಿ. ನೋಡೋಣ ಅತ್ತಿಗೆ ಎಂದರ್ಥ. ಆಂಧ್ರದ ಗಡಿಯವರು. ನಂಬಿಕೆ ಬರದಿದ್ದಾಗ ತೆಲುಗು ಬರುತ್ತದೆ.

ಮರುದಿನ ಡಬ್ಬಿ ಎಳೆದು ನೋಡಿದೆವು. ಖಾಲಿ. ಐಸ್ ಮಾಡುವುದು ಬಿಟ್ಟು ಉಳಿದದ್ದೆಲ್ಲ ಫ್ರಿಜ್ಜು ತಾನೇ ಮಾಡುತ್ತಿತ್ತು.

೨. ಪಕ್ಕದ ಮನೆಯವರು

ಪಕ್ಕದ ಮನೆಯಲ್ಲಿ ನಿವೃತ್ತ ಲೈನ್‌ಮನ್ ಇದ್ದಾರೆ. ಕರೆಯದೆ ಬಂದರು. ಫ್ರಿಜ್ಜಿನ ಬೆನ್ನಿಗೆ ಕಿವಿ ಇಟ್ಟರು.

"ಗ್ಯಾಸ್ ಹೋಗೈತೆ."

"ಫ್ರೀಜರಿನಾಗೆ ಹಾಲು ಕಲ್ಲಾಗೈತೆ," ಅಂದೆ.

"ಹಾಲಿಗೆ ಬೇಕಾದಷ್ಟು ಐತೆ. ಐಸಿಗೆ ಸಾಲ್ತಿಲ್ಲ."

ಇಂಥ ವಿದ್ಯೆಯ ಮುಂದೆ ಮಾತಾಡಬಾರದು. ಹೋದ ತಿಂಗಳು ನನ್ನ ಎದೆನೋವಿಗೂ ಅವರು ಗ್ಯಾಸ್ ಅಂದಿದ್ದರು.

೩. ಮೆಕ್ಯಾನಿಕ್

ಚಳ್ಳಕೆರೆ ಪೇಟೆಯಿಂದ ಮೆಕ್ಯಾನಿಕ್ ಬಂದ. ಹಿಂದಿನ ತಗಡು ಬಿಚ್ಚಿದ. ಟೀ ಕುಡಿದ. ತಗಡು ಹಾಕಿದ.

"ಫ್ರಿಜ್ಜು ಚೆನ್ನಾಗೈತೆ ಯಜಮಾನ್ರೇ. ನಿಮ್ಮ ನೀರು ಸರಿ ಇಲ್ಲ. ಬೋರ್ ನೀರು ಇದಕ್ಕೆ ಒಗ್ಗಲ್ಲ."

ಆ ನೀರು ಕುಡಿದೇ ನಾವು ಮುದುಕರಾದದ್ದು. ಇರಲಿ. ಶುದ್ಧ ನೀರಿನ ಘಟಕದಿಂದ ಕ್ಯಾನ್ ಹೊತ್ತು ತಂದು ಫ್ರಿಜ್ಜಿಗೆ ಹೊಯ್ದೆ. ಅಷ್ಟರಲ್ಲಿ ಬೀಗಿತ್ತಿಯ ಫೋನ್.

"ಐಸ್ ಬಿತ್ತಾ ವದಿನಾ?"

"ಬೀಳ್ತಾನೇ ಐತ್ರಿ. ಡಬ್ಬಿ ಸಾಲ್ತಿಲ್ಲ," ಅಂದಳು ನನ್ನ ಹೆಂಡತಿ. ಫೋನಿಟ್ಟು ಕಣ್ಣೊರೆಸಿಕೊಂಡಳು. "ಭಾನುವಾರ ಮರ್ಯಾದೆ ಹೋಗ್ತೈತ್ರಿ. ಮೊಳಕಾಲ್ಮುರಿನ ತುಂಬಾ ಹೇಳ್ಕೊಂಡು ಬರ್ತಾರೆ."

ಟ್ಯಾಂಕಿನಲ್ಲಿ ನೀರು ಹಾಕಿದಷ್ಟೇ ಇತ್ತು. ಬಹಳ ಶುದ್ಧವಾಗಿತ್ತು.

೪. ಫೋನಿನ ಹುಡುಗಿ

ಕಂಪನಿಗೆ ಫೋನ್ ಮಾಡಿದೆವು. ಒಬ್ಬ ಹುಡುಗಿ ಎತ್ತಿದಳು. ಫ್ರಿಜ್ಜಿನ ರೋಗ ಹೇಳಿದವರಲ್ಲಿ ಅವಳೊಬ್ಬಳೇ ಅದನ್ನು ನೋಡಿರಲಿಲ್ಲ.

"ಐಸ್ ಡಬ್ಬಿ ಮೇಲೆ ಆ ಕಡೆ ಈ ಕಡೆ ಎರಡು ಸಣ್ಣ ಗಾಜು ಇದೆ ಮೇಡಂ. ಒಂದರ ಬೆಳಕು ಇನ್ನೊಂದಕ್ಕೆ ಬೀಳಬೇಕು. ಅಡ್ಡ ಏನಾದ್ರೂ ಇದ್ರೆ ಡಬ್ಬಿ ತುಂಬಿದೆ ಅಂದ್ಕೊಂಡು ಐಸ್ ಮಾಡೋದು ನಿಲ್ಲಿಸುತ್ತೆ. ಅದರ ಮೇಲೆ ಕೊಳೆ ಇದೆಯಾ?"

"ನಮ್ಮನೇಲಿ ಕೊಳೆನಾ?" ಅಂದಳು ನನ್ನ ಹೆಂಡತಿ.

"ಏನಾದ್ರೂ ಅಂಟಿದೆಯಾ ಮೇಡಂ?"

"ಅಂಟೋದು ಏನು ಬಂತು? ಪೂಜೆ ಮಾಡಿರೋ ಫ್ರಿಜ್ಜಮ್ಮ ಅದು!"

ಹುಡುಗಿ ಕ್ಷಮೆ ಕೇಳಿದಳು.

೫. ಭಾನುವಾರ

ಶನಿವಾರ ಹೆಂಡತಿ ಐಸಿನ ಆಸೆ ಬಿಟ್ಟಳು. ಬೀಗರು ಬರುತ್ತಾರೆ, ಫ್ರಿಜ್ಜಾದರೂ ಹೊಳೆಯಲಿ ಎಂದು ಒಳಗೂ ಹೊರಗೂ ಒದ್ದೆ ಬಟ್ಟೆಯಲ್ಲಿ ಒರೆಸಿದಳು. ಸಂಜೆ ಒಳಗೆ ದಬ್ ಎಂದು ಸದ್ದು. ಐಸ್ ಬಿದ್ದಿತ್ತು.

"ಗೌರಸಮುದ್ರದ ಮಾರಮ್ಮಗೆ ಹರಕೆ ಹೊತ್ತಿದ್ದೆ," ಅಂದಳು.

ನಾನು ಒರೆಸಿದ ಬಟ್ಟೆ ತೋರಿಸಿದೆ. ಕೆಂಪಗಿತ್ತು.

"ಗಾಜಿನ ಮೇಲೆ ನಿನ್ನ ಕುಂಕುಮ. ಬೆಳಕಿಗೆ ಅದೇ ಅಡ್ಡ."

"ಕುಂಕುಮ ಅಡ್ಡ ಬರ್ತೈತೇನ್ರಿ?" ಅಂದಳು. ಆದರೆ ಮತ್ತೆ ಇಡಲಿಲ್ಲ.

ಭಾನುವಾರ ಬೀಗಿತ್ತಿ ಬಂದರು. ನೇರ ಫ್ರಿಜ್ಜಿನ ಮುಂದೆ ಕುರ್ಚಿ ಹಾಕಿಕೊಂಡು ಕೂತರು. ದಬ್ ಎಂದಿತು. ಡಬ್ಬಿ ಎಳೆದು ನೋಡಿದರು. ಲೋಟದಲ್ಲಿ ಐಸ್ ಅಲ್ಲಾಡಿಸಿ ಶರಬತ್ತು ಕುಡಿದರು. ಒಪ್ಪಿದರು. ಕನ್ನಡದಲ್ಲೇ ಒಪ್ಪಿದರು. ನನ್ನ ಹೆಂಡತಿ ಒಂದು ಗೇಣು ಎತ್ತರವಾದಳು.

ಆಮೇಲೆ ಬೀಗಿತ್ತಿ ಫ್ರಿಜ್ಜನ್ನು ಮೇಲಿಂದ ಕೆಳಗೆ ನೋಡಿದರು.

"ಇದೇನ್ರಿ, ಹೊಸಾ ಫ್ರಿಜ್ಜಿಗೆ ಒಂದು ಕುಂಕುಮಾನೂ ಇಟ್ಟಿಲ್ವಲ್ಲ?"

ಇಟ್ಟಿದ್ದೆ, ಒರೆಸಿದೆ ಎಂದು ಬೀಗಿತ್ತಿಗೆ ಹೇಳುವುದುಂಟೇ? ಹೆಂಡತಿ ನನ್ನ ಮುಖ ನೋಡಿದಳು. ನಾನು ಶರಬತ್ತು ನೋಡಿದೆ.

ಬೀಗಿತ್ತಿ ದೇವರ ಮುಂದಿನ ವಿಭೂತಿ, ಕುಂಕುಮದ ಬಟ್ಟಲು ತಂದು, ನೀರಲ್ಲಿ ಕಲಸಿ, ಫ್ರೀಜರ್ ತೆರೆದರು.

"ಐಸ್ ಎಲ್ಲಿಂದ ಬೀಳ್ತೈತೋ ಅಲ್ಲಿಗೇ ಇಡ್ಬೇಕು ವದಿನಾ."

ಮೂರು ಬೆರಳು ಎಳೆದು ವಿಭೂತಿ, ನಡುವೆ ಧಾರಾಳವಾಗಿ ಕುಂಕುಮ. ಆ ಕಡೆಯ ಗಾಜಿಗೂ, ಈ ಕಡೆಯ ಗಾಜಿಗೂ. ಇಟ್ಟದ್ದು ಅಲ್ಲೇ ಹೆಪ್ಪುಗಟ್ಟಿತು.

ಬೀಗಿತ್ತಿ ಕೈಯಾರೆ ಇಟ್ಟ ಕುಂಕುಮ ಒರೆಸಬಾರದಂತೆ. ಈಗ ಐಸನ್ನು ನಾನು ಬಸ್ ಸ್ಟ್ಯಾಂಡಿನ ಜ್ಯೂಸ್ ಅಂಗಡಿಯಿಂದ ತರುತ್ತೇನೆ.