ಕನ್ನಡಿಗೆ ಕೈಮುಗಿಯುವ ಭಾವ

ನಮ್ಮ ಭಾವ ಕನ್ನಡಿಗೆ ಕೈಮುಗಿದೇ ಕೆಲಸ ಶುರುಮಾಡುತ್ತಿದ್ದರು ಎಂದರೆ ನೀವು ಅವರನ್ನು ಮಹಾ ಚೆಲುವರೆಂದುಕೊಂಡೀರಿ. ಹಾಗೇನೂ ಇಲ್ಲ. ಎಪ್ಪತ್ತರ ದಶಕದ ಕೊನೆಯಲ್ಲಿ ಅವರು ಲಾಸ್ ಏಂಜಲೀಸ್‌ನ ಒಂದು ಕ್ಲಿನಿಕ್ಕಿನಲ್ಲಿ ಫ್ಯಾಮಿಲಿ ಥೆರಪಿ ಕಲಿಯುತ್ತಿದ್ದರು; ಅಂದರೆ, ಮುನಿಸಿಕೊಂಡ ಮನೆಮಂದಿಯನ್ನೆಲ್ಲ ಒಟ್ಟಿಗೆ ಕೂರಿಸಿ ಮಾತಾಡಿಸುವ ಕೆಲಸ. ಆ ಕೋಣೆಯ ಗೋಡೆಯಲ್ಲೊಂದು ಕನ್ನಡಿ; ಒಳಗಿನವರಿಗೆ ಕನ್ನಡಿ, ಹಿಂದಿನವರಿಗೆ ಬರೀ ಗಾಜು. ಅದರ ಹಿಂದೆ ಕೂತ ಮೇಲ್ವಿಚಾರಕರಿಗೆ ಎಲ್ಲವೂ ಕಾಣುತ್ತಿತ್ತು. ತಪ್ಪು ಕಂಡರೆ ಒಳಗೆ ಫೋನು ಮಾಡುತ್ತಿದ್ದರು.

"ಹಿರಿಯರು ಕೂತಿರ್ತಾರೆ ಕಣೋ. ನಮಸ್ಕಾರ ಮಾಡದೆ ಬೆನ್ನು ತಿರುಗಿಸಿ ಕೂತ್ಕೊಳ್ಳೋದು ಹೇಗೆ?" ಎನ್ನುತ್ತಿದ್ದರು ಭಾವ.

ನಾನಾಗ ಲಾ ಹೋಯಾದಲ್ಲಿ ಓದುತ್ತಿದ್ದೆ. ಶನಿವಾರದ ಊಟ ಅಲ್ಲೇ ಹತ್ತಿರ, ಸ್ಯಾನ್ ಡಿಯಾಗೋದ ಅಕ್ಕನ ಮನೆಯಲ್ಲಿ; ವಾರವೆಲ್ಲ ಲಾಸ್ ಏಂಜಲೀಸ್‌ನಲ್ಲಿರುತ್ತಿದ್ದ ಭಾವ ಅಂದು ಮನೆಗೆ ಬರುತ್ತಿದ್ದರು. ಈ ಕಥೆಗಳೆಲ್ಲ ಅಲ್ಲಿ ಕೇಳಿದವು. ಇವುಗಳಲ್ಲಿ ಭಾವ ಹೇಳಿದ್ದೆಷ್ಟು, ನಾನು ಸೇರಿಸಿದ್ದೆಷ್ಟು? ನನ್ನ ಆಗಿನ ಡೈರಿ ತೆರೆದರೂ ತಿಳಿಯುವುದಿಲ್ಲ.

ಒಮ್ಮೆ ಬಿಳಿಯರ ಕುಟುಂಬವೊಂದು ಬಂತು. ತಂದೆ ಭಾವನನ್ನು ಅಡಿಯಿಂದ ಮುಡಿಯವರೆಗೆ ನೋಡಿ, ಡಾಕ್ಟರು ಯಾವಾಗ ಬರುತ್ತಾರೆಂದು ಕೇಳಿದ. "ಇನ್ನೈದು ನಿಮಿಷ" ಎಂದು ಭಾವ ಹೊರಗೆ ಹೋಗಿ, ಕೋಟು ತೊಟ್ಟು ಬಂದು ಕೂತರಂತೆ.

"ಅವನೇನಂದ?"

"ನಿಮ್ಮ ಸಹಾಯಕ ಒಳ್ಳೇವನು ಅಂದ."

ಕಂದುಬಣ್ಣದ ಕುಟುಂಬ ಯಾವ ದೇಶದಿಂದಲೇ ಬಂದಿರಲಿ, ಅದು ಭಾವನ ಪಾಲು. "ನಿಮಗೆ ಇವರೆಲ್ಲ ಅರ್ಥ ಆಗ್ತಾರೆ ಅಂತಾರೆ ಕ್ಲಿನಿಕ್ಕಿನವರು. ನನಗೆ ಹುಬ್ಬಳ್ಳಿ ಕಡೆಯವರು ಜೋರಾಗಿ ಮಾತಾಡಿದ್ರೇ ಜಗಳಾನೋ ಪ್ರೀತೀನೋ ಗೊತ್ತಾಗಲ್ಲ."

"ಮೈಸೂರಿನವರು ಮೆತ್ತಗೆ ಬೈದ್ರೂ ನಿಮಗೆ ಗೊತ್ತಾಗಲ್ಲ" ಎಂದಳು ಅಕ್ಕ, ಒಳಗಿಂದ.

ನಗುತ್ತಿದ್ದೆವು. ಭಾವ ಮಾತ್ರ ವಾರದಿಂದ ವಾರಕ್ಕೆ ಕಡಿಮೆ ನಗುತ್ತಿದ್ದರು. ಮೇಲ್ವಿಚಾರಕರ ಸಹಿಯಿಲ್ಲದೆ ಲೈಸೆನ್ಸ್ ಇಲ್ಲ. ಎರಡು ವರ್ಷದ ದುಡಿಮೆ ಆ ಸಹಿಗಾಗಿ ಕಾದಿತ್ತು. ಮೇಲ್ವಿಚಾರಕರ ದೂರು ಒಂದೇ: ಭಾವ ಯಾವಾಗಲೂ ಮನೆಯ ಹಿರಿಯರಿಂದ ಶುರುಮಾಡುತ್ತಾರೆ, ಅವರು ಮುಗಿಸುವವರೆಗೆ ಬೇರೆಯವರನ್ನು ಕೇಳುವುದೇ ಇಲ್ಲ.

ಸಹಿ ಹಾಕುವ ಮುನ್ನ ಕೊನೆಯ ಸಲ ನೋಡುತ್ತೇನೆಂದು ಅವರು ಹೇಳಿದ ದಿನ ಬಂದದ್ದು ಮೆಕ್ಸಿಕೋದ ಕುಟುಂಬ. ಮಗಳು ಶಾಲೆಗೆ ಹೋಗುವುದನ್ನು ನಿಲ್ಲಿಸಿದ್ದಳು. ಹಿಂದಿನ ಮೂರು ವಾರ ಬಂದಾಗಲೂ ತುಟಿ ಬಿಚ್ಚದಿದ್ದ ಅಜ್ಜಿ ಅಂದು ಸ್ಪ್ಯಾನಿಷ್‌ನಲ್ಲಿ ಮಾತು ತೆಗೆದರು. ತಾಯಿ ಅದನ್ನು ಇಂಗ್ಲಿಷಿನಲ್ಲಿ ಹೇಳುತ್ತಿದ್ದಳು. ಫೋನು ಬಂತು: ಹುಡುಗಿಯನ್ನು ಮಾತಾಡಿಸಿ. ಭಾವ ಕೇಳಿಸಿಕೊಂಡು ಇಟ್ಟರು. ಮತ್ತೆ ಬಂತು. ಎತ್ತಲಿಲ್ಲ.

ಸಹಿ ಬೀಳಲಿಲ್ಲ. ಇನ್ನೊಂದು ವರ್ಷ.

ಆ ಶನಿವಾರ ಇದನ್ನು ಹೇಳುವಾಗ ಭಾವ ನಮ್ಮನ್ನು ನಗಿಸಲು ನೋಡಲಿಲ್ಲ. ಷೂ ಕೂಡ ಬಿಚ್ಚದೆ ಸೋಫಾದಲ್ಲಿ ಒರಗಿದ್ದರು.

"ಅಷ್ಟು ಹೊತ್ತು ಆ ಅಜ್ಜಿ ಏನು ಹೇಳಿದ್ರು, ಭಾವ?"

"ಗೊತ್ತಿಲ್ಲ ಕಣೋ. ಅರ್ಧಕ್ಕೆ ಆ ತಾಯಿಗೆ ಅಳು ಬಂತು, ಇಂಗ್ಲಿಷ್ ನಿಂತುಹೋಯ್ತು. ಹುಡುಗಿ ಎದ್ದು ಹೋಗಿ ಅಜ್ಜಿ ಕಾಲ ಹತ್ರ ಕೂತ್ಲು."

"ನೀವೇನು ಮಾಡಿದ್ರಿ?"

"ನಾನಾ? ಕೇಳ್ತಾ ಕೂತಿದ್ದೆ. ಅವರು ಮುಗಿಸ್ಬೇಕಲ್ಲ."