ಮಾವ ಮಂಡಿಯೂರಿದ ದಿಬ್ಬ

ಮಾವ ಕಸಿಮೀರೋ ತೀರಿಕೊಂಡಾಗ ಬಿಟ್ಟುಹೋದದ್ದು ಒಂದು ನೀಲಿ ಪಿಕಪ್ ಗಾಡಿ. ಅಳಿಯ ಎಲಾಡಿಯೋನ ಕಾರು ಆ ಚಳಿಗಾಲದಲ್ಲೇ ಕಣ್ಣು ಮುಚ್ಚಿತ್ತು. ದಿನಾ ಕೆಲಸಕ್ಕೆ ನಡೆದು ಅವನ ಬೂಟು ಸವೆದು ಸಾಕ್ಸು ಹೊರಗೆ ಇಣುಕುತ್ತಿತ್ತು. ಗಾಡಿ ಸಿಗುವುದಾದರೆ ಏನು ಮಾಡಲೂ ತಯಾರಿದ್ದ.

ಭಾನುವಾರ ಅತ್ತೆ ಕೂಕಾ ಅವನನ್ನು ಕರೆದರು.

"ಆ ಬಿಳಿ ಮರಳಿನ ದಿಬ್ಬಗಳಿಗೆ ಕರ್ಕೊಂಡು ಹೋಗು. ನಿಮ್ಮ ಮಾವ ಮಂಡಿಯೂರಿದ ದಿಬ್ಬ ನಾನು ಕಣ್ಣಾರೆ ನೋಡ್ಬೇಕು. ಆಮೇಲೆ ಗಾಡಿ ಯಾರಿಗೆ ಅಂತ ಹೇಳ್ತೀನಿ."

ಪಕ್ಕದ ಮನೆಯ ನಿಕನೋರ್ ಕರೆಯದೆಯೇ ಪಿಕಪ್ ಹತ್ತಿ ಕೂತ. ಎಲಾಡಿಯೋನ ಮಗಳ ಜ್ಞಾನಸ್ನಾನದಲ್ಲಿ ಅವಳನ್ನು ಎತ್ತಿಕೊಂಡ ಧರ್ಮಪಿತ ಅವನೇ. ಅಂದಿನಿಂದ ಇಬ್ಬರೂ ಒಬ್ಬರಿಗೊಬ್ಬರು ಕೊಂಪಾದ್ರೆ.

"ಮದುವೆಗೆ ಕೇಳಿದ ಜಾಗ ನೋಡೋ ಆಸೆ, ಪಾಪ," ಎಂದು ಪಿಸುಗುಟ್ಟಿದ.

ಪಕ್ಕದ ಸೇನಾ ನೆಲೆಯಲ್ಲಿ ಪರೀಕ್ಷೆಗೆ ಕ್ಷಿಪಣಿ ಹಾರಿಸುತ್ತಾರೆಂದು ಸೈನಿಕರು ಹೆದ್ದಾರಿ ಮುಚ್ಚಿದ್ದರು. ಒಂದು ಗಂಟೆ ಎಲ್ಲರೂ ರಸ್ತೆಯಲ್ಲೇ ಕೂತು ಬುರಿಟೋ ತಿಂದರು.

"ಮರಳು ವರ್ಷಕ್ಕೆ ಮೂವತ್ತು ಅಡಿ ನಡೀತದೆ, ಕೊಂಪಾದ್ರೆ," ಎಂದ ನಿಕನೋರ್. "ಐವತ್ತು ವರ್ಷ ಆಯ್ತು. ನಿಮ್ಮ ಮಾವನ ದಿಬ್ಬ ಐನೂರು ಹೆಜ್ಜೆ ಮುಂದೆ ಹೋಗಿರ್ತದೆ."

"ಯಾವ ಕಡೆಗೆ?"

"ಗಾಳಿ ಹೋಗೋ ಕಡೆಗೆ."

"ಇವತ್ತು ಗಾಳಿನೇ ಇಲ್ವಲ್ಲ."

"ಹಾಗಾದ್ರೆ ಇವತ್ತು ನಿಂತಿರ್ತದೆ. ಹುಡುಕೋಕೆ ಸುಲಭ."

ಅಲ್ಲಿ ನೋಡಿದರೆ ದಿಬ್ಬದ ಹಿಂದೆ ದಿಬ್ಬ, ಒಗೆದು ಹರವಿದ ಬಿಳಿ ಪಂಚೆಗಳ ಹಾಗೆ. ಅತ್ತೆಗೆ ಮಂಡಿನೋವು. ಮಕ್ಕಳು ಜಾರಲು ತರುವ ಪ್ಲಾಸ್ಟಿಕ್ ತಟ್ಟೆಯ ಮೇಲೆ ಅವರನ್ನು ಕೂರಿಸಿ, ಹಗ್ಗ ಕಟ್ಟಿ ಎಲಾಡಿಯೋ ಎಳೆದ. ಅತ್ತೆ ಕೊಡೆ ಬಿಚ್ಚಿಕೊಂಡು ಮಹಾರಾಣಿಯ ಹಾಗೆ ಕೂತರು. ನಿಕನೋರ್ ಹೆಜ್ಜೆ ಎಣಿಸುತ್ತಾ ಬಂದ. ಮಧ್ಯೆ ಯಾರೋ ಎಷ್ಟು ಹೊತ್ತಾಯಿತೆಂದು ಕೇಳಿದರು, ಅವನು ಮತ್ತೆ ಒಂದರಿಂದ ಶುರುಮಾಡಿದ.

ಎರಡು ದೊಡ್ಡ ದಿಬ್ಬ ಹತ್ತಿಳಿಯುವಷ್ಟರಲ್ಲಿ ಎಲಾಡಿಯೋಗೆ ಕಣ್ಣು ಕತ್ತಲೆ ಬಂತು. ಮುಂದೆ ಸೊಂಟದೆತ್ತರದ ಒಂದು ದಿಬ್ಬ ಕಂಡಿತು.

"ಇದೇ, ಅತ್ತೆ."

"ಖಾತ್ರಿಯಾ?"

"ದೇವರಾಣೆ."

ಅತ್ತೆ ದಿಬ್ಬವನ್ನು ಮೇಲಿನಿಂದ ಕೆಳಗೆ ನೋಡಿದರು. ಅದಕ್ಕೆ ಹೆಚ್ಚು ಹೊತ್ತು ಬೇಕಾಗಲಿಲ್ಲ.

"ಅವರು ಮಂಡಿಯೂರಿದ್ದು ನನ್ನ ಮುಂದೆ ಅಲ್ಲ," ಎಂದರು. "ನಮ್ಮಕ್ಕ ಅಂಪಾರೋ ಮುಂದೆ. ಕೇಳಿದಾಗೆಲ್ಲ, 'ದಿಬ್ಬ ಬಹಳ ಎತ್ತರ ಕಣೇ, ಉಸಿರು ಕಟ್ಟಿ ಕುಸಿದೆ, ಅವಳು ಎದುರಿಗಿದ್ದಳು ಅಷ್ಟೇ' ಅಂತಿದ್ರು. ಇದನ್ನ ಹತ್ತಿದ್ರೆ ಕೋಳಿಗೂ ಉಸಿರು ಕಟ್ಟಲ್ಲ."

"ಅಂಪಾರೋ ಅವರನ್ನೇ ಕೇಳಬಹುದಿತ್ತಲ್ಲ, ಅತ್ತೆ?"

"ಅವಳ ಜೊತೆ ಐವತ್ತು ವರ್ಷದಿಂದ ಮಾತಿಲ್ಲ. ನಡಿ, ಗಾಡಿ ಅವಳಿಗೇ ಕೊಟ್ಟುಬಿಡೋಣ. ಸುಳ್ಳನ ಗಾಡಿ ನಮಗೆ ಬೇಡ."

ಎಲಾಡಿಯೋ ಹಗ್ಗ ಕೆಳಗಿಟ್ಟ. "ಅತ್ತೆ, ಇದು ಆ ದಿಬ್ಬ ಅಲ್ಲ. ಸುಸ್ತಾಗಿ ಹಾಗಂದೆ."

"ದೇವರಾಣೆ ಅಂದ್ಯಲ್ಲ?"

"ಅದೂ ಸುಸ್ತಲ್ಲೇ."

"ಮಾವನಿಗೆ ತಕ್ಕ ಅಳಿಯ. ಎಳಿ."

ಅಂಪಾರೋ ಇದ್ದದ್ದು ಮರಳಿನಾಚೆಯ ಅಲಾಮೊಗೋರ್ಡೋದಲ್ಲಿ. ಕೀಲಿ ಇಸಿದುಕೊಂಡು, ಕಾರಣ ಕೇಳಿ, ಆಕೆ ತಂಗಿಯ ಮುಖ ನೋಡಿದಳು.

"ಮಂಡಿಯೂರಿದ್ನಾ? ಅದು ಚರ್ಚಿನ ಗೋಪುರದಷ್ಟು ಎತ್ತರ ಇತ್ತಲ್ಲೇ. ಹತ್ತಿ ಬಂದೋನು ದೊಪ್ ಅಂತ ಬಿದ್ದ. ನಾನೇ ನೀರು ಕುಡಿಸ್ದೆ."

ಅಕ್ಕತಂಗಿಯರು ತಬ್ಬಿಕೊಂಡು ಅತ್ತರು. ಎಲಾಡಿಯೋ ಅಳು ಮುಗಿಯುವವರೆಗೆ ಕಾದು, ಮೆಲ್ಲನೆ ಕೇಳಿದ: "ಹಾಗಾದ್ರೆ, ಕೀಲಿ?"

"ನನ್ನ ಹತ್ರ ಇದೆ, ಹೆದರಬೇಡ," ಎಂದಳು ಅಂಪಾರೋ. "ನಾನೇ ಓಡಿಸ್ತೀನಿ. ಕೂಕಾ, ಇನ್ನು ಪ್ರತಿ ಭಾನುವಾರ ಬರ್ತೀನಿ."

ಮುಂದೆ ಇಬ್ಬರು ಹೆಂಗಸರು ಮಾತಾಡುತ್ತಾ ಕೂತರು. ಹಿಂದೆ ಸಾಮಾನಿನ ಜಾಗದಲ್ಲಿ ಇಬ್ಬರು ಗಂಡಸರು ಕಾಲು ಮಡಚಿಕೊಂಡು ಕೂತರು. ಇವತ್ತೇ ಶುರುಮಾಡಿ, ಮೊದಲ ಸಲ ಒಂದು ತಿಂಗಳು ತಂಗಿಯ ಮನೆಯಲ್ಲೇ ಇರುತ್ತೇನೆಂದು ಅಂಪಾರೋ ಅಲ್ಲಿ ಮೂರು ಪೆಟ್ಟಿಗೆ ತುಂಬಿಸಿದ್ದಳು.